ಮಾರ್ಚ್ ಕೊನೆಯ ಹಿಮ



ಉದ್ದದ ಪೋಸ್ಟ್ ಇದು, ಪುರುಸೊತ್ತಾದಾಗ ಓದಿ. ಡಿಸೆಂಬರ್ 21ರ ರಾತ್ರಿ ನಮ್ಮಕ್ಕನ ಮಗಳು ಫೋನ್ ಮಾಡಿದ್ಲು. "ಮಾವ, ಇವತ್ತಿಂದ ಚಿಲ್ಲಾಯ್ ಕಲಾನ್ ಶುರು. ಈ ಸಲನಾದ್ರೂ ನಮ್ಮೋರನ್ನ ಜನವರಿ ಬ್ಯಾಚಿಗೆ ಹಾಕ್ತಾರಾ, ಆಫೀಸಲ್ಲಿ ಕೇಳಿದ್ರಾ?" ಅಂದ್ಲು. ನಾನು ಕೇಳಿರಲಿಲ್ಲ. ಚಳಿಗಾಲದ ಅತಿ ಕಠಿಣ ನಲವತ್ತು ದಿನಕ್ಕೆ ಕಾಶ್ಮೀರದವರು ಇಟ್ಟಿರೋ ಹೆಸರು ಚಿಲ್ಲಾಯ್ ಕಲಾನ್. ಡಿಸೆಂಬರ್ 21ರಿಂದ ಜನವರಿ ಕೊನೆವರೆಗೆ. ಕೋಲಾರದ ಕಡೆಯ ಒಂದು ಕಾಲೋನಿಯಲ್ಲಿ ಕೂತ ಹುಡುಗಿ ಆ ಲೆಕ್ಕ ಇಟ್ಕೊಂಡಿದ್ದಾಳೆ, ಹೋರಾಟಗಾರ ಅಂತ ಕರೆಸ್ಕೊಳ್ಳೋ ನಾನು ಮರೆತಿದ್ದೆ. ಮಾರ್ಚ್‌ನಲ್ಲೇ ಬರೀಬೇಕಾಗಿದ್ದನ್ನ ಆ ನಾಚಿಕೆಗೆ ಈಗ ಬರೀತಿದ್ದೀನಿ.

ವಿಷಯ ಇದು. ಪರಿಶಿಷ್ಟ ಜಾತಿ, ಪಂಗಡದ ಯುವಕ ಯುವತಿಯರನ್ನ ಉಚಿತವಾಗಿ ಗುಲ್ಮಾರ್ಗ್‌ಗೆ ಕಳಿಸಿ ಹದಿನಾಲ್ಕು ದಿನ ಸ್ಕೀಯಿಂಗ್ ಕಲಿಸೋ ಒಂದು ಯೋಜನೆ ಇದೆ. ಇಲಾಖೆ ಹೆಸರು ಸದ್ಯಕ್ಕೆ ಬೇಡ. ನಮ್ಮ ಹುಡುಗಿ ಎನ್‌ಸಿಸಿಯಲ್ಲಿದ್ಲು, ಓಟ ಚೆನ್ನಾಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದ್ಲು. ಅಕ್ಟೋಬರ್‌ನಲ್ಲಿ ದೈಹಿಕ ಪರೀಕ್ಷೆ ಆಯ್ತು, ಆಯ್ಕೆಯೂ ಆಯ್ತು. ಆಮೇಲೆ ನಾಲ್ಕು ತಿಂಗಳು ಸದ್ದೇ ಇಲ್ಲ. ಮಾರ್ಚ್ ಮೊದಲ ವಾರ ಒಂದು ಫೋನು. ನಾಲ್ಕು ದಿನದಲ್ಲಿ ಹೊರಡಬೇಕು, ಆಧಾರ್, ಜಾತಿ ಪ್ರಮಾಣಪತ್ರ, ಥರ್ಮಲ್ ತಗೊಂಡು ಬನ್ನಿ ಅಂತ. ಥರ್ಮಲ್ ಅಂದ್ರೆ ಏನು ಅಂತ ನಮ್ಮಕ್ಕ ಅಂಗಡಿ ಅಂಗಡಿ ಕೇಳಿದ್ಲು. ಮಾರ್ಚ್ ತಿಂಗಳು, ಕೋಲಾರದ ಬಿಸಿಲು. ಅಂಗಡಿಯೋನು ನಕ್ಕನಂತೆ.

ಯಾಕೆ ಮಾರ್ಚ್ ಅಂತ ನಮ್ಮ ಸರ್ಕಲ್‌ನೋರಿಗೆ ಹೇಳಿಕೊಡಬೇಕಾಗಿಲ್ಲ. 2013ರಲ್ಲಿ ನಮ್ಮ ರಾಜ್ಯದಲ್ಲಿ ಎಸ್‌ಸಿಎಸ್‌ಪಿ ಟಿಎಸ್‌ಪಿ ಕಾಯ್ದೆ ಬಂತು. ಜನಸಂಖ್ಯೆಗೆ ತಕ್ಕಷ್ಟು ಹಣ ತೆಗೆದಿಡಬೇಕು, ಖರ್ಚು ಮಾಡಬೇಕು. 2023ರಲ್ಲಿ 7(ಡಿ) ತೆಗೆಸೋಕೆ ಎಷ್ಟು ಧರಣಿ ಕೂತ್ವಿ ಅಂತ ನಿಮಗೆ ಗೊತ್ತು. ಕಾಯ್ದೆ ಸರಿ. ಆದ್ರೆ ಹಣ ಬರೋದು ಯಾವಾಗ, ಖರ್ಚಾಗೋದು ಯಾವಾಗ? ಫೆಬ್ರವರಿ ದಾಟಿದ ಮೇಲೆ ಕಡತಗಳಿಗೆ ಕಾಲು ಬರುತ್ತೆ. ಮಾರ್ಚ್ 31ರೊಳಗೆ ಬಿಲ್ ಆಗ್ಬೇಕು. ಹಾಸ್ಟೆಲ್ ಹಾಸಿಗೆಯೂ ಮಾರ್ಚ್‌ನಲ್ಲೇ, ಹೊಲಿಗೆ ಯಂತ್ರವೂ ಮಾರ್ಚ್‌ನಲ್ಲೇ, ತರಬೇತಿಯೂ ಮಾರ್ಚ್‌ನಲ್ಲೇ. ಹೊಲಿಗೆ ಯಂತ್ರ ಮಾರ್ಚ್‌ನಲ್ಲಿ ಕೊಟ್ರೂ ಹೊಲಿಯುತ್ತೆ. ಹಿಮ ಹಾಗಲ್ಲ.

ನನಗೆ ಡೆಲ್ಲಿಯಲ್ಲಿ ಒಂದು ಸಭೆ ಇತ್ತು. "ಅಷ್ಟು ದೂರ ಹೋಗಿದ್ದೀಯ, ಮಗೀನ ನೋಡ್ಕೊಂಡ್ ಬಾ" ಅಂತ ಅಕ್ಕ ಹಟ ಹಿಡಿದ್ಲು. ಗೆಳೆಯನೊಬ್ಬನ ಹತ್ರ ಸಾಲ ಮಾಡಿ ಶ್ರೀನಗರಕ್ಕೆ ಹೋದೆ. ಮಾರ್ಚ್ 19ರ ಸಂಜೆ ತಂಗ್‌ಮಾರ್ಗ್ ಸೇರಿದಾಗ ಮಳೆ ಹನೀತಿತ್ತು. ಗುಲ್ಮಾರ್ಗ್‌ನ ಹೋಟೆಲ್ ನಮ್ಮಂಥೋರ ಕೈಗೆಟುಕೋದಿಲ್ಲ, ಅದಕ್ಕೆ ಕೆಳಗಿನ ತಂಗ್‌ಮಾರ್ಗ್‌ನಲ್ಲೇ ಒಂದು ರೂಮು ಮಾಡ್ಕೊಂಡೆ.

ಬೆಳಿಗ್ಗೆ ಸುಮೋದಲ್ಲಿ ಮೇಲೆ ಹೋದೆ. ಸಿನಿಮಾದಲ್ಲಿ ನೋಡಿದ ಗುಲ್ಮಾರ್ಗ್ ಬೆಳ್ಳಗಿರುತ್ತೆ. ಮಾರ್ಚ್ ಕೊನೆಯ ಗುಲ್ಮಾರ್ಗ್ ಕಂಬಳಿ ಹರಿದಂಗಿತ್ತು. ಬಿಸಿಲು ಬೀಳೋ ಕಡೆ ಕಂದು ಹುಲ್ಲು, ದೇವದಾರು ಮರಗಳ ಬುಡದಲ್ಲಿ ಗುಂಡಿ ಬಿದ್ದ ಹಿಮ, ರಸ್ತೆ ಪಕ್ಕ ಕಪ್ಪು ಹಿಡಿದ ಗುಡ್ಡೆ, ಎಲ್ಲಾ ಕಡೆ ಜಿನುಗೋ ನೀರಿನ ಸದ್ದು.

ನಮ್ಮ ಹುಡುಗಿ ಇಳಿಜಾರಿನ ತಳದಲ್ಲಿ ನಿಂತಿದ್ಲು. ಕಾಲಿಗೆ ಪ್ಲಾಸ್ಟಿಕ್ ಬೂಟು, ಒಂದು ಸೈಜ್ ದೊಡ್ಡದು, ಒಳಗೆ ಎರಡು ಜೊತೆ ಸಾಕ್ಸ್. ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು. ನನ್ನನ್ನ ನೋಡಿ ಓಡಿ ಬರೋಕೆ ಹೋಗಿ ಸ್ಕೀ ಸಮೇತ ಬಿದ್ಲು. ಬಿದ್ದವಳು ನಗ್ತಾ ಎದ್ದು, ಮೊದಲ ಹತ್ತು ನಿಮಿಷ ನನ್ನ ಆರೋಗ್ಯ ವಿಚಾರಿಸದೆ ಹಿಮದ ಪಾಠ ಮಾಡಿದ್ಲು. ಅವಳು ಹೇಳಿದ್ದನ್ನ ನನಗೆ ಅರ್ಥ ಆದಷ್ಟು ಹೇಳ್ತೀನಿ.

ಹೊಸದಾಗಿ ಬಿದ್ದ ಹಿಮ ಅಂದ್ರೆ ಅರಳೆ. ಬಿದ್ರೂ ಪೆಟ್ಟಾಗಲ್ಲ. ಜನವರಿಯಲ್ಲಿ ಕಲಿಯೋನಿಗೆ ಸಿಗೋದು ಅದು. ಮಾರ್ಚ್ ಬಂದ್ರೆ ಹಗಲು ಬಿಸಿಲಿಗೆ ಮೇಲಿನ ಪದರ ಕರಗುತ್ತೆ, ರಾತ್ರಿ ಚಳಿಗೆ ಆ ನೀರು ಮತ್ತೆ ಹೆಪ್ಪುಗಟ್ಟುತ್ತೆ. ದಿನಾ ಹಿಂಗೇ ಕರಗಿ ಹೆಪ್ಪಾಗಿ, ಕರಗಿ ಹೆಪ್ಪಾಗಿ, ಹಿಮದ ಮೊನಚು ಹೋಗಿ ಗುಂಡು ಗುಂಡು ಕಾಳಾಗುತ್ತೆ. ಬೆಳಿಗ್ಗೆ ಎಂಟಕ್ಕೆ ಆ ಕಾಳೆಲ್ಲ ಒಂದಕ್ಕೊಂದು ಅಂಟ್ಕೊಂಡು ಸಿಮೆಂಟ್ ನೆಲ ಆಗಿರುತ್ತೆ. ಸ್ಕೀಯ ಅಂಚು ಕಚ್ಚಲ್ಲ, ಬಿದ್ರೆ ಮೂಳೆಗೇ ಏಟು. ಅವಳ ಮಣಿಕಟ್ಟು ಹೋಗಿದ್ದು ಮೂರನೇ ದಿನ ಇಂಥ ಬೆಳಿಗ್ಗೆ. ಹತ್ತೂವರೆ ಸುಮಾರಿಗೆ ಬಿಸಿಲು ಮೇಲಿನ ಒಂದಿಂಚನ್ನ ಸಡಿಲ ಮಾಡುತ್ತೆ. ಆಗ ಅದು ಕಾರ್ನ್ ಸ್ನೋ, ಜೋಳದಂಥ ಹಿಮ. ನಾನು ಕೈಗೆ ತಗೊಂಡು ನೋಡ್ದೆ, ದಪ್ಪ ರವೆ ಇದ್ದಂಗಿತ್ತು. ಪಳಗಿದೋರು ಇದನ್ನ ಬಹಳ ಇಷ್ಟಪಡ್ತಾರಂತೆ, ಬೆಣ್ಣೆ ಮೇಲೆ ಜಾರಿದಂಗಿರುತ್ತಂತೆ. ಅದು ಇರೋದು ಒಂದೂವರೆ ಎರಡು ಗಂಟೆ. ಮಧ್ಯಾಹ್ನ ಆಯ್ತಾ, ಅಂಬಲಿ. ಸ್ಕೀ ತಳಕ್ಕೆ ನೀರು ಅಂಟಿ ಹಿಡಿದು ಎಳೆಯುತ್ತೆ, ಕಾಲು ನಿಂತುಬಿಡುತ್ತೆ, ಮೈ ಮುಂದಕ್ಕೆ ಹೋಗುತ್ತೆ. ಮೊಣಕಾಲು ತಿರುಚೋದು ಹಂಗೆ.

ಅಂದ್ರೆ ಹದಿನಾಲ್ಕು ದಿನದ ಕೋರ್ಸಿನಲ್ಲಿ ದಿನಕ್ಕೆ ಸಿಗೋದು ಎರಡು ಗಂಟೆ. ಅದರಲ್ಲೂ ಎರಡು ದಿನ ಮಳೆ.

ಇನ್ನೊಂದು ಮಾತು. ಮೇಲೆ ಹಿಮ ಇತ್ತು. ಬೇಕಾದಷ್ಟಿತ್ತು. ಗುಲ್ಮಾರ್ಗ್ ಬಯಲು ಇರೋದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾ ಹತ್ತಿದ್ರೆ ಮೊದಲ ಹಂತ ಕೊಂಗ್ಡೂರಿ, ಎರಡನೇ ಹಂತ ಅಫರ್ವಟ್ ಬೆಟ್ಟದ ಹೆಗಲಿಗೆ, ಹತ್ತಿರ ಹತ್ತಿರ 4,000 ಮೀಟರ್. ಅಲ್ಲಿ ಮಾರ್ಚ್ ಕೊನೆಗೂ ಆಳೆತ್ತರದ ಹಿಮ. ಆದ್ರೆ ಕಲಿಯೋ ಮಕ್ಕಳು ಅಲ್ಲಿಗೆ ಹೋಗೋ ಹಂಗಿಲ್ಲ, ಅದು ಕಡಿದಾದ ಜಾಗ, ಹಿಮಪಾತದ ಜಾಗ. 2024ರ ಫೆಬ್ರವರಿಯಲ್ಲಿ ಅಲ್ಲೇ ಹಿಮಪಾತಕ್ಕೆ ಸಿಕ್ಕಿ ಹೊರದೇಶದ ಒಬ್ಬ ಸ್ಕೀಯರ್ ಸತ್ತಿದ್ದ. ಹೊಸಬರು ಕಲಿಯೋದು ಬಯಲಿನ ಸಣ್ಣ ಇಳಿಜಾರಿನಲ್ಲಿ. ಮೊದಲು ಕರಗೋದೂ ಅದೇ. ಕೆಳಗಿರೋ ಹಿಮ, ಕೊನೆ ತಿಂಗಳ ಹಿಮ, ಹಳೇ ಬೂಟು. ಮೂರೂ ಒಟ್ಟಿಗೆ ಯಾರ ಪಾಲಿಗೆ ಬಂತು ನೋಡಿ.

ಕಾಮೆಂಟಿನಲ್ಲಿ ಯಾರಾದ್ರೂ ಕೇಳೇ ಕೇಳ್ತೀರ, ಅದಕ್ಕೆ ಮೊದಲೇ ಹೇಳಿಬಿಡ್ತೀನಿ. ಆ ವರ್ಷ ಚಳಿಗಾಲವೇ ಒಣಗಿತ್ತು, ಇದು ಬರೀ ಇಲಾಖೆ ತಪ್ಪಲ್ಲ. ನಿಜ. 2024ರ ಜನವರಿಯಲ್ಲೂ ಗುಲ್ಮಾರ್ಗ್ ಹಿಮ ಇಲ್ಲದೆ ಬೋಳಾಗಿ ನಿಂತಿತ್ತು. 2025ರ ಫೆಬ್ರವರಿಯಲ್ಲಿ ಅನಂತನಾಗ್ ಕಡೆಯ ಅಚಬಲ್ ಚಿಲುಮೆ ಬತ್ತಿಹೋಗಿತ್ತು, ಊರೂರಿಗೆ ಕುಡಿಯೋ ನೀರು ಕೊಡೋ ಚಿಲುಮೆ ಅದು. ಚಿಲ್ಲಾಯ್ ಕಲಾನ್‌ನಲ್ಲಿ ಬಿದ್ದ ಹಿಮ ಗಟ್ಟಿಯಾಗಿ ಕೂತು ಬೇಸಿಗೆವರೆಗೂ ನಿಧಾನಕ್ಕೆ ನೀರು ಬಿಡುತ್ತೆ, ಮಾರ್ಚ್‌ನಲ್ಲಿ ಬಿದ್ದಿದ್ದು ಬಂದಷ್ಟೇ ಬೇಗ ಹೋಗುತ್ತೆ ಅಂತ ಅಲ್ಲಿಯೋರು ಹೇಳ್ತಾರೆ. ಬೋರ್‌ವೆಲ್ ಸಾವಿರ ಅಡಿ ದಾಟಿರೋ ಕೋಲಾರದವನಿಗೆ ಈ ಮಾತು ಬಿಡಿಸಿ ಹೇಳಬೇಕಾ? ಅದೇ ವರ್ಷ ಫೆಬ್ರವರಿ 22ಕ್ಕೆ ಶುರುವಾಗಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಭಾಗವನ್ನ ಹಿಮ ಸಾಲಲ್ಲ ಅಂತ ಮುಂದೂಡಿ, ಹಿಮ ಬಿದ್ದ ಮೇಲೆ ಮಾರ್ಚ್ 9ರಿಂದ 12ರವರೆಗೆ ಮಾಡಿದ್ರು. ನಮ್ಮ ಮಕ್ಕಳ ಬ್ಯಾಚ್ ಶುರುವಾಗಿದ್ದು ಅದು ಮುಗಿದ ಮೇಲೆ. ಹಿಮ ನೋಡಿ ಕೂಟದ ದಿನಾಂಕ ಬದಲಾಯಿಸೋ ದೇಶದಲ್ಲಿ ನಮ್ಮ ಬ್ಯಾಚಿನ ದಿನಾಂಕ ಖಜಾನೆ ನೋಡಿ ನಿಗದಿ ಆಗುತ್ತೆ. ನನ್ನ ತಕರಾರು ಇಷ್ಟೇ.

ಅವತ್ತು ಮಾರ್ಚ್ 20. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆ ನೀರು ಮುಟ್ಟಿದ ದಿನ. ಪ್ರತಿ ವರ್ಷ ಅವತ್ತು ನಾನು ಎಲ್ಲಾದರೂ ಒಂದು ಸಭೆಯಲ್ಲಿ ಇರ್ತಿದ್ದೆ. ಈ ಸಲ ಒಬ್ಬನೇ ಹಿಮದ ಮಧ್ಯೆ, ಕೈಯಲ್ಲಿ ಒಂದು ಬಾಟ್ಲಿ ನೀರು. ಮಧ್ಯಾಹ್ನದ ಅಂಬಲಿ ಹಿಮಕ್ಕೆ ಕೋರ್ಸ್ ನಿಲ್ಲಿಸಿದ್ರು. ಮಕ್ಕಳು ತಮ್ಮ ತಮ್ಮ ಸ್ಕೀ, ಬೂಟು ಹೊತ್ಕೊಂಡು ಶೆಡ್ಡಿಗೆ ನಡೀಬೇಕು. ಅಲ್ಲಿ ಒಬ್ಬರು ಬಂದ್ರು. ಐವತ್ತು ದಾಟಿದ ವಯಸ್ಸು, ಫಿರನ್, ರಬ್ಬರ್ ಬೂಟು, ಹಿಂದೆ ಹಗ್ಗ ಕಟ್ಟಿದ ಮರದ ಸ್ಲೆಡ್ಜ್. "ಬೈಠೋ ಸಾಬ್. ಆಟ್ ಸೌ."

ಸ್ಲೆಡ್ಜ್ ಅಂದ್ರೆ ಗೊತ್ತಲ್ಲ, ಚಿಕ್ಕ ಹಲಗೆ. ಪ್ರವಾಸಿ ಮೇಲೆ ಕೂರ್ತಾನೆ, ಒಬ್ಬ ಮನುಷ್ಯ ಮುಂದಿನಿಂದ ಹಗ್ಗ ಹಿಡಿದು ಎಳೀತಾನೆ, ಕೆಲವೊಮ್ಮೆ ಹಿಂದಿನಿಂದ ಇನ್ನೊಬ್ಬ ತಳ್ತಾನೆ. ನನ್ನ ಮೈ ಜುಂ ಅಂತು. ನಮ್ಮ ತಾತ ಗೌಡ್ರ ಮನೆ ಜೀತದಾಳು. ಗೌಡ್ರ ಮಗನನ್ನ ಹೆಗಲ ಮೇಲೆ ಕೂರಿಸ್ಕೊಂಡು ಸ್ಕೂಲಿಗೆ ಬಿಡೋದು ಅವನ ಕೆಲಸ. ಗೌಡ್ರ ಮಗ ಒಳಗೆ ಹೋಗ್ತಿದ್ದ, ತಾತ ಹುಣಸೆ ಮರದ ಕೆಳಗೆ ಕಾಯ್ತಿದ್ದ. ಆ ಹೆಗಲಿನ ಮೊಮ್ಮಗ ನಾನು. ಕೂರಲ್ಲ ಅಂದೆ. ಮನುಷ್ಯನನ್ನ ಮನುಷ್ಯ ಎಳೆಯೋದು ತಪ್ಪು ಅಂತ ನನ್ನ ಹರಕು ಹಿಂದಿಯಲ್ಲಿ ಭಾಷಣ ಶುರು ಮಾಡ್ದೆ.

ಅವರು ಕೇಳಿಸ್ಕೊಂಡ್ರು. ಆಮೇಲೆ ಇಳಿಜಾರಿನ ಕಡೆ ಕೈ ತೋರಿಸಿ ಹೇಳಿದ್ರು, ಇನ್ನು ಹತ್ತು ಹನ್ನೆರಡು ದಿನ ಇದು ಇರುತ್ತೆ, ಆಮೇಲೆ ಬರೀ ಕೆಸರು. ಈದ್ ಹತ್ತಿರ ಬಂತು. ನೀನು ಕೂರಲ್ಲ, ಸರಿ. ನಿನ್ನ ಮಾತು ನನ್ನ ಮನೆಗೆ ಅಕ್ಕಿ ತರುತ್ತಾ?

ನನ್ನ ಹತ್ರ ಉತ್ತರ ಇರಲಿಲ್ಲ ಗೆಳೆಯರೇ. ಸುಮ್ನೆ ದುಡ್ಡು ಕೊಡೋಕೆ ಹೋದೆ, ಬೇಡ ಅಂದ್ರು. ಅವರ ಮುಖ ನೋಡಿದ ಮೇಲೆ ನನ್ನ ಭಾಷಣಕ್ಕಿಂತ ಆ ನೋಟು ಚಾಚಿದ್ದೇ ದೊಡ್ಡ ತಪ್ಪು ಅನ್ನಿಸ್ತು. ಕೊನೆಗೆ ದಾರಿ ಹುಡುಕಿದ್ದು ನಮ್ಮ ಹುಡುಗಿ. "ಚಾಚಾ, ನಮ್ಮ ಸ್ಕೀಗಳನ್ನ ಎಳೀರಿ" ಅಂದ್ಲು. ಆರು ಮಕ್ಕಳ ಸ್ಕೀ, ಬೂಟು ಎಲ್ಲಾ ಹಲಗೆ ಮೇಲೆ ಪೇರಿಸಿದ್ವಿ. ಆಟ್ ಸೌ ಅಂದ್ರೆ ಆಟ್ ಸೌ. ನಾವು ಪಕ್ಕದಲ್ಲಿ ನಡೆದ್ವಿ. ನೂರು ಹೆಜ್ಜೆಗೊಂದು ಕಡೆ ಹಿಮ ಹರಿದು ಹುಲ್ಲು ಕಾಣ್ತಿತ್ತು, ಅಲ್ಲಿ ಸ್ಲೆಡ್ಜ್ ಕಚ್ಚಿಕೊಳ್ತಿತ್ತು. ಅಂಥ ಕಡೆ ಎಲ್ಲರೂ ಸೇರಿ ಎತ್ತಿ ದಾಟಿಸಿದ್ವಿ. ಮೂರನೇ ಸಲ ಎತ್ತಿದಾಗ ನನಗೆ ಉಸಿರು ಸಿಕ್ಕಲಿಲ್ಲ. ಬಾಟ್ಲಿ ಮುಚ್ಚಳ ತೆಗೆದು ಮೊದಲು ಅವರಿಗೆ ಚಾಚಿದೆ. ತಲೆ ಆಡಿಸಿದ್ರು. ರೋಜಾ. ರಂಜಾನ್ ತಿಂಗಳು ಅನ್ನೋದು ನನ್ನ ತಲೆಯಿಂದ ಹಾರಿಹೋಗಿತ್ತು. ಬೆಳಗಿನ ಜಾವ ತಿಂದಿದ್ದು, ಸಂಜೆವರೆಗೆ ಒಂದು ಗುಟುಕು ನೀರಿಲ್ಲ, ಸುತ್ತ ನೀರು ಜಿನುಗ್ತಾ ಇದೆ, ಮನುಷ್ಯ ಭಾರ ಎಳೀತಿದ್ದಾರೆ. ನಾನು ಬಾಟ್ಲಿ ಮುಚ್ಚಿ ಬ್ಯಾಗಿಗೆ ಹಾಕೋಕೆ ಹೋದೆ. "ತುಮ್ ಪಿಯೋ. ರೋಜಾ ಮೇರಾ ಹೈ, ತುಮ್ಹಾರಾ ನಹೀ" ಅಂದ್ರು. ಕುಡಿದೆ. ಅವತ್ತಿನ ತಾರೀಖು ನೆನಪಿದ್ದೋನಿಗೆ ಆ ನೀರು ಗಂಟಲಲ್ಲಿ ಇಳಿಯೋದು ಕಷ್ಟ ಆಯ್ತು.

ಸೀಸನ್ ಕೊನೆಯಲ್ಲಿ ಕಾಣೋದು ಹುಲ್ಲು ಮಾತ್ರ ಅಲ್ಲ. ಮೂರು ತಿಂಗಳು ಹಿಮದಡಿ ಹೂತಿದ್ದ ಕಸ ಪದರ ಪದರವಾಗಿ ಮೇಲೆ ಬರುತ್ತೆ. ನೀರಿನ ಬಾಟ್ಲಿ, ಮ್ಯಾಗಿ ಪೊಟ್ಟಣ, ಮಕ್ಕಳ ಡೈಪರ್, ಬಾಡಿಗೆ ಬೂಟಿನ ಹರಿದ ಚೂರು. ಅದನ್ನ ಆಯ್ತಾ ಇದ್ದ ಇಬ್ಬರನ್ನ ಮಾತಾಡಿಸಿದೆ. ಹೆಸರು ಕೇಳಿದ್ರೆ ಹೇಳಿದ್ರು, ಊರು ಕೇಳಿದ್ರೆ ಹೇಳಿದ್ರು, ಬಿರಾದರಿ ಕೇಳಿದ್ರೆ ಸುಮ್ಮನಾದ್ರು. ಆ ಮೌನ ನನಗೆ ಗೊತ್ತಿರೋ ಮೌನ. ಕಾಶ್ಮೀರದಲ್ಲಿ ಜಾತಿ ಇಲ್ಲ ಅಂತ ಅಲ್ಲಿ ನನಗೆ ಮೂರ್ನಾಲ್ಕು ಜನ ಹೇಳಿದ್ರು. ಆದ್ರೆ ಕಸ ಗುಡಿಸೋ ಶೇಖ್ ಸಮುದಾಯಕ್ಕೆ ಮೇಲಿನೋರು ಕರೆಯೋ 'ವಾತುಲ್' ಅನ್ನೋ ಹೆಸರು ಅಲ್ಲಿ ಬೈಗುಳವಾಗಿ ಬಳಕೆಯಲ್ಲಿದೆ. ನಮ್ಮೂರಲ್ಲಿ ನಮ್ಮ ಜಾತಿ ಹೆಸರು ಬೈಗುಳ ಆಗಿರೋ ಹಂಗೇ. ಇದರ ಬಗ್ಗೆ ಬೇರೆಯಾಗಿ ಬರೀಬೇಕು, ಓದ್ಕೊಂಡು ಬರೀತೀನಿ.

ರಾತ್ರಿ ತಂಗ್‌ಮಾರ್ಗ್‌ನ ರೂಮಿನಿಂದ ಅಮೆರಿಕದ ಕೊಲರಾಡೋದಲ್ಲಿರೋ ನಮ್ಮ ಹುಡುಗನೊಬ್ಬನಿಗೆ ವಿಡಿಯೋ ಕಾಲ್ ಮಾಡ್ದೆ. ಹಾಸ್ಟೆಲ್‌ನಲ್ಲಿ ಓದಿ ಮೇಲೆ ಬಂದೋನು. ಅವನ ಊರಿನ ಹತ್ರ ಅರಪಾಹೋ ಬೇಸಿನ್ ಅಂತ ಒಂದು ಸ್ಕೀ ಜಾಗ ಇದೆ. ತುದಿಯ ಎತ್ತರ ಅಫರ್ವಟ್ ಗೊಂಡೋಲಾ ಇಳಿಯೋ ಜಾಗದಷ್ಟೇ, ಹತ್ತಿರ ಹತ್ತಿರ 4,000 ಮೀಟರ್. ಆದ್ರೆ ಅಲ್ಲಿ ತಳವೇ 3,280 ಮೀಟರ್ ಮೇಲೆ ಇದೆ, ಗುಲ್ಮಾರ್ಗ್ ಬಯಲಿಗಿಂತ ಆರುನೂರು ಮೀಟರ್ ಎತ್ತರ. ಹಂಗಾಗಿ ಮೇ ತಿಂಗಳಲ್ಲೂ ಹಿಮ ನಿಲ್ಲುತ್ತೆ, 2019ರಲ್ಲಿ ಜುಲೈ 4ರವರೆಗೆ ನಡೆಸಿದ್ರು. ಅಲ್ಲಿ ಸೀಸನ್ ಕೊನೆ ಅಂದ್ರೆ ಹಬ್ಬ ಅಣ್ಣ, ಅರ್ಧ ತೋಳಿನ ಅಂಗಿ ಹಾಕ್ಕೊಂಡು ಜಾರ್ತಾರೆ, ಪಾರ್ಕಿಂಗ್ ಪಕ್ಕದಲ್ಲೇ ಮಾಂಸ ಸುಡ್ತಾ ಕೂರ್ತಾರೆ ಅಂದ. "ನೀನು ಕಲಿತ್ಯೇನೋ?" ಅಂದೆ. "ಟಿಕೆಟ್ ರೇಟ್ ನೋಡಿ ವಾಪಸ್ ಬಂದೆ" ಅಂತ ನಕ್ಕ. ನಮ್ಮೋರು ಅಲ್ಲಿಗೆ ಹೋದ್ರೂ ಲೆಕ್ಕ ಹಾಕೋದು ಬಿಡಲ್ಲ.

ಕೋರ್ಸಿನ ಕೊನೇ ದಿನ ಪರೀಕ್ಷೆ. ಕೋಲುಗಳ ಮಧ್ಯೆ ತಿರುಗಿ ತಿರುಗಿ ಇಳೀಬೇಕು, ಸ್ಕೀಗಳನ್ನ ಮುಂದೆ ಕೂಡಿಸಿ ಹಿಂದೆ ಅಗಲಿಸಿ ನಿಲ್ಲಿಸಿ ತೋರಿಸಬೇಕು. ಬೆಳಿಗ್ಗೆ ಮಂಜು ಕವಿದಿದ್ದರಿಂದ ತಡ ಆಗಿ, ನಮ್ಮ ಹುಡುಗಿ ಸರದಿ ಬಂದಾಗ ಒಂದೂಕಾಲು. ಆಗಲೇ ಅಂಬಲಿ. ಮೊದಲ ನಾಲ್ಕು ತಿರುವು ಚೆನ್ನಾಗಿ ತಗೊಂಡ್ಲು. ನನಗೆ ಏನೂ ಗೊತ್ತಾಗದಿದ್ರೂ ಚೆನ್ನಾಗಿತ್ತು ಅಂತ ಗೊತ್ತಾಯ್ತು, ಯಾಕಂದ್ರೆ ಪಕ್ಕದಲ್ಲಿ ನಿಂತ ತರಬೇತುದಾರ ಹುಡುಗ ಸಿಳ್ಳೆ ಹೊಡೆದ. ಐದನೇ ತಿರುವಿನಲ್ಲಿ ಹಿಮ ಹಿಡ್ಕೊಂಡ್ತು. ಬಿದ್ಲು. ಎದ್ದು ಮುಗಿಸಿದ್ಲು. ಬಿ ಗ್ರೇಡ್.

ಆ ತರಬೇತುದಾರನ ಮೇಲೆ ನನಗೆ ಬೇಜಾರಿಲ್ಲ, ಒಳ್ಳೇ ಹುಡುಗ, ಮಕ್ಕಳಿಗೆ ಜೀವ ಕೊಟ್ಟು ಕಲಿಸಿದ. ಅವನು ಸಮಾಧಾನಕ್ಕೆ ಹೇಳಿದ, ಈ ಹಿಮದಲ್ಲಿ ನಿಂತವಳು ಯಾವ ಹಿಮದಲ್ಲಾದ್ರೂ ನಿಲ್ತಾಳೆ ಅಂತ. ಪ್ರೀತಿಯಿಂದಲೇ ಹೇಳಿದ. ಆದ್ರೆ ಈ ಮಾತನ್ನ ನಾವು ಹುಟ್ಟಿದಾಗಿಂದ ಕೇಳ್ತಾ ಬಂದಿದ್ದೀವಿ. ಬೀದಿ ದೀಪದ ಕೆಳಗೆ ಓದಿದೋನು ಗಟ್ಟಿ, ಬರಿಗಾಲಲ್ಲಿ ನಡೆದೋನು ಗಟ್ಟಿ. ನಮ್ಮ ಮಕ್ಕಳು ಗಟ್ಟಿಯಾಗಿದ್ದು ಸಾಕು. ಅವರಿಗೆ ಒಂದು ಸಲ ಅರಳೆಯಂಥ ಹಿಮ ಸಿಗಲಿ.

ಇದನ್ನೆಲ್ಲ ವಾಪಸ್ ಬರ್ತಾ ಹುಡುಗಿ ಹತ್ರ ಹೇಳಿದ್ರೆ ಅವಳು ನನ್ನ ಮೇಲೇ ರೇಗಿದ್ಲು. "ಮಾವ, ನೀವು ನನ್ನ ನೋಡಿ ಅಯ್ಯೋ ಪಾಪ ಅನ್ಬೇಡಿ. ನನಗೆ ಅಲ್ಲಿ ಖುಷಿ ಆಯ್ತು. ಹತ್ತೂವರೆಯಿಂದ ಹನ್ನೆರಡೂವರೆವರೆಗೆ ಆ ಥರ ಖುಷಿ ನನಗೆ ಯಾವತ್ತೂ ಆಗಿಲ್ಲ. ನನಗೆ ಇನ್ನೂ ಬೇಕು. ಅದನ್ನ ಬರೀರಿ." ಬರ್ದಿದ್ದೀನಿ ಮಗಾ. ಕೊಡಗಿನ ಭವಾನಿ ಅವರು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಖೇಲೋ ಇಂಡಿಯಾ ಚಿನ್ನವನ್ನ ಕರ್ನಾಟಕಕ್ಕೆ ತಂದ ಸುದ್ದಿಯ ಕಟಿಂಗ್ ಅವಳ ಪುಸ್ತಕದೊಳಗಿದೆ. ಹಿಮ ಬೀಳದ ನಾಡಿನಿಂದ ಹೋಗಿ ಗೆಲ್ಲಬಹುದು ಅನ್ನೋದು ಅವಳಿಗೆ ನಾನು ಹೇಳಿಕೊಡಬೇಕಾಗಿಲ್ಲ.

ತೊಡಕು ಇರೋದು ಬಿ ಗ್ರೇಡಿನಲ್ಲಿ. ನಮ್ಮ ಇಲಾಖೆ ಮುಂದಿನ ಹಂತದ ಕೋರ್ಸಿಗೆ ಕಳಿಸೋದು ಎ ಗ್ರೇಡ್ ಬಂದೋರನ್ನ ಮಾತ್ರ. ಅದೇ ಇಲಾಖೆಯ ಸಾಮಾನ್ಯ ಬ್ಯಾಚಿನೋರು ಹೋಗಿದ್ದು ಜನವರಿ ಮತ್ತು ಫೆಬ್ರವರಿಯಲ್ಲಿ. ಇದು ಗೊತ್ತಾಗಿದ್ದು ಗುಲ್ಮಾರ್ಗ್‌ನಲ್ಲಿ ಹಾಜರಿ ಪುಸ್ತಕ ನೋಡಿದಾಗ. ವಾಪಸ್ ಬಂದು ಮಾಹಿತಿ ಹಕ್ಕಿನಲ್ಲಿ ಕೇಳಿದೆ, ಹಿಂದಿನ ಮೂರು ವರ್ಷ ಯಾವ ಬ್ಯಾಚ್ ಯಾವ ದಿನಾಂಕಕ್ಕೆ ಹೋಯ್ತು ಅಂತ. ಮೂರು ವರ್ಷವೂ ನಮ್ಮೋರದು ಮಾರ್ಚ್. ಕಾರಣದ ಕಾಲಂನಲ್ಲಿ ಒಂದೇ ಸಾಲು, ಅನುದಾನ ಬಿಡುಗಡೆಯಾದ ನಂತರ ಕ್ರಮ ವಹಿಸಲಾಗಿದೆ.

ಸ್ಲೆಡ್ಜ್ ಚಾಚಾ ಜೊತೆ ಹುಡುಗಿ ಫೋನಿನಲ್ಲಿ ಮಾತಾಡ್ತಾಳೆ. ಹಿಮ ಕರಗಿದ ಮೇಲೆ ಅವರು ತಮ್ಮನ ಜೊತೆ ಕುದುರೆ ನಡೆಸೋದು, ವರ್ಷದ ಉಳಿದ ಸಂಪಾದನೆ ಅದೇ. ಏಪ್ರಿಲ್ 22ಕ್ಕೆ ಪಹಲ್ಗಾಮ್ ಹತ್ರದ ಬೈಸರನ್‌ನಲ್ಲಿ 26 ಜನರನ್ನ ಕೊಂದ್ರು. ಪ್ರವಾಸಿಗಳನ್ನ ಉಳಿಸೋಕೆ ಹೋದ ಕುದುರೆ ನಡೆಸೋ ಹುಡುಗನೂ ಅದರಲ್ಲಿ ಒಬ್ಬ. ಪ್ರವಾಸಿಗಳು ಒಂದೇ ದಿನದಲ್ಲಿ ಖಾಲಿಯಾದ್ರು. ಜೂನ್‌ನಲ್ಲಿ ಚಾಚಾ ಹೇಳಿದ್ದು, ಕುದುರೆಗೆ ಮೇವಿಗೂ ದುಡ್ಡಿಲ್ಲ, ಒಂದನ್ನ ಮಾರಿದೆ ಅಂತ. ಮೊನ್ನೆ 21ಕ್ಕೆ ಅವಳಿಗೆ ಚಿಲ್ಲಾಯ್ ಕಲಾನ್ ನೆನಪಿಸಿದ್ದೂ ಅವರೇ.

ಈಗ ಕೆಲಸದ ಮಾತು. ಈ ವಾರ ನಾವು ನಾಲ್ಕು ಜನ ಇಲಾಖೆಗೆ ಹೋಗ್ತಿದ್ದೀವಿ. ಕೇಳೋದು ಎರಡೇ. ಆಯ್ಕೆ ಅಕ್ಟೋಬರ್‌ನಲ್ಲೇ ಮುಗಿದಿರುವಾಗ ನಮ್ಮ ಬ್ಯಾಚನ್ನೂ ಜನವರಿ ಫೆಬ್ರವರಿ ಬ್ಯಾಚುಗಳ ಜೊತೆಯಲ್ಲೇ ಸೇರಿಸಿ ಕಳಿಸಬೇಕು, ಅನುದಾನ ಆಮೇಲೆ ಹೊಂದಿಸ್ಕೊಳ್ಳಲಿ. ಎರಡನೇದು, ಮಾರ್ಚ್ ಬ್ಯಾಚಿನಲ್ಲಿ ಬಿ ಗ್ರೇಡ್ ಬಂದೋರಿಗೆ ಇನ್ನೊಂದು ಅವಕಾಶ ಕೊಡಬೇಕು. ನಿಮ್ಮ ಜಿಲ್ಲೆಯಿಂದ ಯಾರಾದ್ರೂ ಈ ಥರ ಕೊನೆ ಬ್ಯಾಚಿನಲ್ಲಿ ಹೋಗಿದ್ರೆ, ಸ್ಕೀಯಿಂಗ್ ಆಗಲಿ, ಪರ್ವತಾರೋಹಣ ಆಗಲಿ, ಹೋದ ದಿನಾಂಕ ಮತ್ತು ಪ್ರಮಾಣಪತ್ರದ ಫೋಟೋ ನನಗೆ ಇನ್‌ಬಾಕ್ಸ್ ಮಾಡಿ. ಕಾಮೆಂಟಿನಲ್ಲಿ ಮಕ್ಕಳ ಹೆಸರು ಹಾಕಬೇಡಿ. ಶುಕ್ರವಾರದೊಳಗೆ ಬಂದ್ರೆ ಮನವಿಗೆ ಲಗತ್ತಿಸೋಕೆ ಆಗುತ್ತೆ.

ಹುಡುಗಿ ದಿನಾ ಬೆಳಿಗ್ಗೆ ಮನೆ ಗೋಡೆಗೆ ಬೆನ್ನು ಕೊಟ್ಟು, ಮಂಡಿ ಮಡಚಿ, ತೊಡೆ ಮೇಲೆ ಎರಡು ಇಟ್ಟಿಗೆ ಇಟ್ಕೊಂಡು ಕೂರ್ತಾಳೆ. ಮೂರು ನಿಮಿಷ ದಾಟಿದೆಯಂತೆ.

ಜೈ ಭೀಮ್.